ಅಪರಾಧ ಎರಡು, ಶಿಕ್ಷೆ ಒಂದೇ

ಅಯೋಧ್ಯೆಯ ವಿಷಯದಲ್ಲಿ ಕೋರ್ಟಿಗೆ ಕೊಟ್ಟ ಮಾತು ಉಳಿಸಿಕೊಳ್ಳದ, ಆಗ ಉತ್ತರ ಪ್ರದೇಶದ ಮುಖ್ಯಮಂತ್ರಿಯಾಗಿದ್ದ ಕಲ್ಯಾಣ್ ಸಿಂಗ್ ಅವರಿಗೆ 1994ರಲ್ಲಿ ಸುಪ್ರೀಂ ಕೋರ್ಟ್ ವಿಧಿಸಿದ್ದು ಒಂದು ದಿನದ ಜೈಲು, 2,000 ರೂಪಾಯಿ ದಂಡ. ಪ್ರಮಾಣಪತ್ರದಲ್ಲಿ ಕೋರ್ಟನ್ನು ಟೀಕಿಸಿದ್ದಕ್ಕೆ 2002ರಲ್ಲಿ ಲೇಖಕಿ ಅರುಂಧತಿ ರಾಯ್ ಅವರಿಗೆ ಸಿಕ್ಕಿದ್ದೂ ಅಷ್ಟೇ: ಒಂದು ದಿನ, 2,000 ರೂಪಾಯಿ. ಅಧಿಕಾರದಲ್ಲಿದ್ದು ಆಡಿದ ಮಾತಿಗೆ ತಪ್ಪಿದವರನ್ನೂ ಬರೆದವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇ 1971ರ ನ್ಯಾಯಾಂಗ ನಿಂದನೆ ಕಾಯ್ದೆಯ ದೊಡ್ಡ ದೋಷ.

ಬೇಕೆಂದೇ ಆದೇಶ ಮೀರುವುದನ್ನು ಕಾಯ್ದೆ ಸಿವಿಲ್ ನಿಂದನೆ ಎನ್ನುತ್ತದೆ. ಕೋರ್ಟಿನ ಹೆಸರಿಗೆ ಮಸಿ ಬಳಿಯುವುದು, ವಿಚಾರಣೆಗೆ ಅಡ್ಡಿ ಮಾಡುವುದು ಕ್ರಿಮಿನಲ್ ನಿಂದನೆ. ಎರಡಕ್ಕೂ ಗರಿಷ್ಠ ಆರು ತಿಂಗಳ ಸಾದಾ ಸಜೆ ಅಥವಾ 2,000 ರೂಪಾಯಿ ದಂಡ, ಇಲ್ಲವೇ ಎರಡೂ. 1971ರಲ್ಲಿ ಈ ದಂಡಕ್ಕೆ ತೂಕವಿತ್ತು. ಇಂದು ಹಿರಿಯ ಅಧಿಕಾರಿಯೊಬ್ಬರಿಗೆ ಅದು ಲೆಕ್ಕಕ್ಕೇ ಇಲ್ಲ.

ಹೈಕೋರ್ಟಿನ ಕಾರಿಡಾರಿನಲ್ಲಿ ವಕೀಲರು ‘ಸಿಸಿಸಿ’ ಎಂದು ಕರೆಯುವ ಸಿವಿಲ್ ನಿಂದನೆ ಅರ್ಜಿಗಳ ಗತಿ ನೋಡಿ. ಪಿಂಚಣಿ ಕೊಡಿ, ಪರಿಹಾರ ಪಾವತಿಸಿ ಎಂಬ ಆದೇಶ ಕಡತದಲ್ಲೇ ಕೂತಿರುತ್ತದೆ. ಗೆದ್ದವರೇ ಮತ್ತೆ ವಕೀಲರನ್ನು ಹಿಡಿದು, ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ನೋಟಿಸ್ ತಲುಪುವ ಹೊತ್ತಿಗೆ ಅಧಿಕಾರಿ ವರ್ಗವಾಗಿರುತ್ತಾರೆ. ಬಂದ ಹೊಸಬರು ಕಾಲಾವಕಾಶ ಕೇಳುತ್ತಾರೆ. ಆರೋಪ ಹೊರಿಸುವ ದಿನ ಹತ್ತಿರವಾದಾಗ ಪಾಲನಾ ವರದಿ, ಜೊತೆಗೊಂದು ಬೇಷರತ್ ಕ್ಷಮೆ. ಅರ್ಜಿ ಮುಕ್ತಾಯ. ಕಳೆದ ವರ್ಷಗಳಿಗೆ ಯಾರೂ ಬೆಲೆ ತೆರುವುದಿಲ್ಲ.

ಕೋರ್ಟು ಮನಸ್ಸು ಮಾಡಿದರೆ ಬಿಗಿಯಾಗಬಲ್ಲದು. ತನ್ನ ಆದೇಶ ಮೀರಿ ಗರಗಸದ ಮಿಲ್ಲುಗಳಿಗೆ ಅನುಮತಿ ಕೊಟ್ಟದ್ದಕ್ಕೆ 2006ರಲ್ಲಿ ಸುಪ್ರೀಂ ಕೋರ್ಟ್ ಮಹಾರಾಷ್ಟ್ರದ ಸಚಿವ ಸ್ವರೂಪ್ ಸಿಂಗ್ ನಾಯಕ್ ಅವರನ್ನೂ ಹಿರಿಯ ಅಧಿಕಾರಿಯೊಬ್ಬರನ್ನೂ ಒಂದು ತಿಂಗಳು ಜೈಲಿಗೆ ಕಳಿಸಿತು. ಅಂಥ ತೀರ್ಪುಗಳು ವಿರಳ.

ಟೀಕೆಯ ಪ್ರಕರಣಗಳ ಫಲವಾದರೂ ಏನು? ಕೇರಳದ ಮುಖ್ಯಮಂತ್ರಿಯಾಗಿದ್ದ ಇ.ಎಂ.ಎಸ್. ನಂಬೂದಿರಿಪಾಡ್ ಅವರಿಗೆ ಹೈಕೋರ್ಟ್ ಹಾಕಿದ್ದ 1,000 ರೂಪಾಯಿ ದಂಡವನ್ನು 1970ರಲ್ಲಿ ಸುಪ್ರೀಂ ಕೋರ್ಟ್ 50ಕ್ಕೆ ಇಳಿಸಿತು. 2020ರಲ್ಲಿ ಎರಡು ಟ್ವೀಟ್‌ಗಳಿಗಾಗಿ ವಕೀಲ ಪ್ರಶಾಂತ್ ಭೂಷಣ್ ಕಟ್ಟಬೇಕಾಗಿ ಬಂದದ್ದು ಒಂದು ರೂಪಾಯಿ. ಕೋರ್ಟಿನ ಗೌರವ ಇದರಿಂದ ಹೆಚ್ಚಿತೆಂದು ಹೇಳಲಾಗದು. ಸತ್ಯವನ್ನು ಸಮರ್ಥನೆಯಾಗಿ ಒಪ್ಪುವ ತಿದ್ದುಪಡಿ 2006ರಲ್ಲಿ ಬಂತು ನಿಜ, ಆದರೆ ಅಭಿಪ್ರಾಯವನ್ನು ಸತ್ಯವೆಂದು ರುಜುವಾತು ಮಾಡುವುದು ಹೇಗೆ? ಕೋರ್ಟಿಗೆ ಮಸಿ ಬಳಿಯುವುದೆಂಬ ಈ ಅಪರಾಧವನ್ನು ನಮಗೆ ಕಲಿಸಿದ ಇಂಗ್ಲೆಂಡೇ 2013ರಲ್ಲಿ ಅದನ್ನು ಕೈಬಿಟ್ಟಿದೆ.

ಕಾಯ್ದೆ ತಿದ್ದಿದರಷ್ಟೇ ಸಾಲದು. ಸಂವಿಧಾನದ 129 ಮತ್ತು 215ನೇ ವಿಧಿಗಳು ನಿಂದನೆಗೆ ಶಿಕ್ಷಿಸುವ ಅಧಿಕಾರವನ್ನು ನೇರವಾಗಿ ಸುಪ್ರೀಂ ಕೋರ್ಟಿಗೂ ಹೈಕೋರ್ಟುಗಳಿಗೂ ಕೊಟ್ಟಿವೆ. ಸಂಯಮ ನ್ಯಾಯಮೂರ್ತಿಗಳಿಂದಲೇ ಬರಬೇಕು. ಟೀಕೆಯನ್ನು ಅಪರಾಧವಾಗಿಸುವ ಭಾಗ ಕಾಯ್ದೆಯಿಂದ ಹೋಗಲಿ. ಆದೇಶ ಮೀರಿದ ಅಧಿಕಾರಿಯ ಸ್ವಂತ ಸಂಬಳದಿಂದ ಕಕ್ಷಿದಾರನಿಗೆ ವಿಳಂಬದ ಪರಿಹಾರ ಕೊಡಿಸುವ ನಿಯಮ ಬರಲಿ. ತೀರ್ಪು ಜಾರಿಯಾದರೆ ಮಾತ್ರ ಕೋರ್ಟಿನ ಗೌರವ ಉಳಿಯುತ್ತದೆ.