ಬೀಗ ಹಾಕಿದ ಕೋಣೆಯ ಭಾಷೆ

ಉತ್ಕೃಷ್ಟವೆನಿಸಿದ ಹಳೆಯ ಚಿತ್ರವನ್ನು ಮತ್ತೆ ನಿರ್ಮಿಸಬಾರದು, ದೋಷವುಳ್ಳದ್ದನ್ನು ತಿದ್ದಿ ನಿರ್ಮಿಸಬಹುದು ಎಂಬ ಮಾತು ರೀಮೇಕ್ ಕುರಿತ ಚರ್ಚೆಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ಉತ್ಕೃಷ್ಟತೆ ಮತ್ತು ದೋಷ ಬೇರೆ ಬೇರೆ ಚಿತ್ರಗಳಲ್ಲಿರುತ್ತವೆ ಎಂಬ ನಂಬಿಕೆಯೇ ಈ ಮಾತಿನ ತಳಹದಿ. ಫಾಜಿಲ್ ನಿರ್ದೇಶನದ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ (1993) ಮತ್ತು ಅದರ ರೂಪಾಂತರಗಳನ್ನು ಒಟ್ಟಿಗಿಟ್ಟು ನೋಡಿದಾಗ ಈ ನಂಬಿಕೆ ಅಲುಗಾಡುತ್ತದೆ.

ಮಧು ಮುಟ್ಟಂ ರಚಿಸಿದ ಚಿತ್ರಕಥೆಯ ಬಿಗಿಯನ್ನಾಗಲಿ, ರಾಷ್ಟ್ರಪ್ರಶಸ್ತಿ ಪಡೆದ ಶೋಭನಾ ಅವರ ಅಭಿನಯವನ್ನಾಗಲಿ ಅಲ್ಲಗಳೆಯುವಂತಿಲ್ಲ. ಮಾಡಂಪಳ್ಳಿಯ ಹಳೆಯ ಮನೆಗೆ ಬಂದ ಸೊಸೆ ಗಂಗಾ ಬೀಗ ಹಾಕಿದ ಕೋಣೆಯನ್ನು ತೆರೆಸುತ್ತಾಳೆ. ಹಿಂದೊಮ್ಮೆ ತಂಜಾವೂರಿನಿಂದ ಕರೆತರಲಾಗಿದ್ದ, ಆ ಮನೆಯ ಯಜಮಾನನ ಕೈಯಲ್ಲೇ ಹತಳಾದ ನರ್ತಕಿ ನಾಗವಲ್ಲಿ ಕ್ರಮೇಣ ಅವಳ ಮನಸ್ಸನ್ನು ಆವರಿಸುತ್ತಾಳೆ. ನಾಗವಲ್ಲಿಯಾದಾಗ ಗಂಗಾ ಆಡುವುದು ತಮಿಳು. ಮಲಯಾಳಂ ಮನೆಯಲ್ಲಿ ತಮಿಳು ಹೀಗೆ ರೋಗದ ಲಕ್ಷಣವಾಗುತ್ತದೆ. ರೋಗ ವಾಸಿಯಾದೊಡನೆ ಆ ಭಾಷೆಯೂ ಮನೆಯಿಂದ ಮರೆಯಾಗುತ್ತದೆ.

ಪಿ. ವಾಸು ನಿರ್ದೇಶನದ ಕನ್ನಡದ ‘ಆಪ್ತಮಿತ್ರ’ದಲ್ಲಿ (2004) ನರ್ತಕಿಯ ಭಾಷೆ ತೆಲುಗು. ಅದೇ ನಿರ್ದೇಶಕರ ತಮಿಳಿನ ‘ಚಂದ್ರಮುಖಿ’ಯಲ್ಲಿಯೂ (2005) ತೆಲುಗೇ. ಪ್ರಿಯದರ್ಶನ್ ಅವರ ಹಿಂದಿಯ ‘ಭೂಲ್ ಭುಲಯ್ಯಾ’ದಲ್ಲಿ (2007) ಬಂಗಾಳಿ. ಮನೆ, ಮನೆತನ, ಹಾಸ್ಯ, ಹಾಡು ಎಲ್ಲವೂ ಬದಲಾದರೂ ಅನ್ಯಭಾಷೆಗೆ ಮೀಸಲಾದ ಆ ಕೋಣೆ ಮಾತ್ರ ಬದಲಾಗಲಿಲ್ಲ. ಪ್ರತಿಯೊಂದು ಚಿತ್ರವೂ ತನ್ನ ಪ್ರೇಕ್ಷಕನಿಗೆ ಅಪರಿಚಿತವೆನಿಸುವ, ಆದರೆ ಕಿವಿಗೆ ಇಂಪಾಗುವ ಮತ್ತೊಂದು ಭಾಷೆಯನ್ನು ಹುಡುಕಿ ಅಲ್ಲಿ ಕೂರಿಸಿತು.

ಮೂಲ ಚಿತ್ರವನ್ನು ಸಮರ್ಥಿಸಲು ಒಂದು ಮಾತಿದೆ: ಅದು ತನ್ನ ಅತ್ಯಂತ ತೀವ್ರ ಗೀತೆಯನ್ನು ತಮಿಳಿಗೇ ಒಪ್ಪಿಸಿದೆ. ಇದು ನಿಜ. ನಾಗವಲ್ಲಿ ಅನ್ಯಾಯಕ್ಕೊಳಗಾದವಳು; ಆ ಮನೆಯ ಅಪರಾಧವನ್ನು ಬಯಲಿಗೆಳೆಯುವ ಬಲವಿರುವುದು ಅವಳ ಭಾಷೆಗೆ. ಆದರೆ ಪರಿಹಾರದ ಘಟ್ಟದಲ್ಲಿ ಅವಳೆದುರು ಬರುವುದು ಒಂದು ಬೊಂಬೆ. ಅದನ್ನು ಕಡಿದು ಅವಳು ತೃಪ್ತಳಾಗುತ್ತಾಳೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ದೂರನ್ನು ಯಾರೂ ಆಲಿಸುವುದಿಲ್ಲ. ದೂರುವವಳನ್ನು ಸಮಾಧಾನಪಡಿಸಿ ಕಳಿಸಲಾಗುತ್ತದೆ. ಚಿತ್ರದ ದೋಷವಿರುವುದು ಇಲ್ಲಿ, ಅದರ ಕೌಶಲ ಪರಾಕಾಷ್ಠೆಗೇರುವ ಜಾಗದಲ್ಲೇ.

ಕನ್ನಡ ರೂಪಾಂತರಕ್ಕೆ ಇದನ್ನು ಮರುಪರಿಶೀಲಿಸುವ ಅವಕಾಶವಿತ್ತು. ಅದು ಮೂಲದಲ್ಲಿಲ್ಲದ ಹಾವನ್ನು ಸೇರಿಸಿತು, ರಾಜನ ಪಾತ್ರವನ್ನೂ ನಾಯಕನಟ ವಿಷ್ಣುವರ್ಧನ್ ಅವರಿಗೇ ವಹಿಸಿತು. ಇದರಿಂದ ದಬ್ಬಾಳಿಕೆ ನಡೆಸಿದವನೂ ರೋಗ ಗುಣಪಡಿಸುವವನೂ ಒಂದೇ ಮುಖ ಹೊತ್ತರು. ಗಂಭೀರ ಪ್ರಶ್ನೆಯೊಂದಕ್ಕೆ ಎಡೆಮಾಡಬಹುದಾಗಿದ್ದ ಈ ಸಾದೃಶ್ಯ ತಾರಾವರ್ಚಸ್ಸಿನ ಪ್ರದರ್ಶನವಾಗಿ ಮುಗಿಯಿತು. ಸೌಂದರ್ಯ ಅವರ ಅಭಿನಯದ ತೀವ್ರತೆ ಮಾತ್ರ ಅನುಕರಣೆಯ ಮಟ್ಟವನ್ನು ಮೀರಿ ನಿಲ್ಲುತ್ತದೆ.

ರೀಮೇಕ್ ಉದ್ಯಮ ಒಬ್ಬ ಏಕಭಾಷಿಕ ಪ್ರೇಕ್ಷಕನನ್ನು ಕಲ್ಪಿಸಿಕೊಂಡೇ ನಡೆಯುತ್ತದೆ. ದಶಕಗಳ ಕಾಲ ಡಬ್ಬಿಂಗನ್ನು ದೂರವಿಟ್ಟ ಕನ್ನಡ ಚಿತ್ರರಂಗದಲ್ಲಿ ಈ ಕಲ್ಪನೆ ಇನ್ನಷ್ಟು ಗಟ್ಟಿಯಾಯಿತು. ಗಡಿನಾಡಿನ ಕನ್ನಡಿಗ ಈ ಕಲ್ಪನೆಯೊಳಗೆ ಹಿಡಿಯುವವನಲ್ಲ. ಕಾಸರಗೋಡಿನವನಿಗೆ ಮೂಲವೂ ಕನ್ನಡದ ರೂಪವೂ ನೇರವಾಗಿಯೇ ದಕ್ಕುತ್ತವೆ. ರಾಯದುರ್ಗದವನಿಗೆ, ಆದೋನಿಯವನಿಗೆ ‘ಆಪ್ತಮಿತ್ರ’ದ ನರ್ತಕಿಯ ತೆಲುಗು ಸಂತೆಯ ಮಾತು, ನೆರೆಮನೆಯ ಮಾತು, ತಾಳವಾಡಿಯವನಿಗೆ ನಾಗವಲ್ಲಿಯ ತಮಿಳೂ ಹಾಗೆಯೇ. ಒಬ್ಬಳ ನಾಲಿಗೆಯಲ್ಲಿ ಎರಡು ಭಾಷೆಗಳಿರುವುದು ಅವರಿಗೆ ದಿನನಿತ್ಯದ ಸಂಗತಿ, ಚಿಕಿತ್ಸೆ ಬೇಡುವ ಸ್ಥಿತಿಯಲ್ಲ. ಬಹುಸಂಖ್ಯಾತರ ಮನೆಯಲ್ಲಿ ತನ್ನ ಮಾತೇ ‘ಇನ್ನೊಂದು ಭಾಷೆ’ಯಾಗಿರುವವನು ಆ ಕೋಣೆಯನ್ನು ಒಳಗಿನಿಂದ ನೋಡಬಲ್ಲ.

ಆದ್ದರಿಂದ ಹಳೆಯ ಚಿತ್ರವನ್ನು ಮತ್ತೆ ನಿರ್ಮಿಸಬೇಕೇ ಎಂಬುದನ್ನು ಅದರ ಕೀರ್ತಿಯ ಆಧಾರದ ಮೇಲೆ ತೀರ್ಮಾನಿಸಲಾಗದು. ಮೂಲವು ಕೇಳದೆ ಉಳಿಸಿದ ಪ್ರಶ್ನೆಯೊಂದನ್ನು ಕೇಳುವುದಾದರೆ ಉತ್ಕೃಷ್ಟ ಕೃತಿಯನ್ನೂ ಮರಳಿ ಕೈಗೆತ್ತಿಕೊಳ್ಳಬಹುದು. ಇಲ್ಲದಿದ್ದರೆ ಮೂಲವನ್ನೇ ಮತ್ತೊಮ್ಮೆ ನೋಡುವುದು ಲೇಸು. ‘ಮಣಿಚಿತ್ರತ್ತಾಳ್’ 2024ರಲ್ಲಿ ಪುನಃ ತೆರೆ ಕಂಡಾಗ ಆ ಅವಕಾಶವೂ ಒದಗಿತು. ನಾಗವಲ್ಲಿಯ ಕಥೆ ಮತ್ತೊಮ್ಮೆ ಚಿತ್ರವಾಗುವುದಾದರೆ, ಅವಳ ಭಾಷೆಯನ್ನು ಬಲ್ಲ ಮನೆಯೊಂದರಲ್ಲಿ ಅದು ನಡೆಯಲಿ. ಅಲ್ಲಿ ಅವಳ ಮಾತು ಅರ್ಥವಾಗಲಿಲ್ಲವೆಂದು ಹೇಳಿ ಯಾರೂ ತಪ್ಪಿಸಿಕೊಳ್ಳಲಾರರು.