ಬಿಂದು ಮತ್ತು ಬಯಲು: ರಝಾ ಅವರ ವೃತ್ತಗಳನ್ನು ಕುರಿತು

ಅಮೂರ್ತ ಚಿತ್ರದಲ್ಲಿ ವೃತ್ತವೊಂದು ಕಂಡೊಡನೆ ಅದನ್ನು ಶೂನ್ಯವೆಂದೋ ಬ್ರಹ್ಮಾಂಡವೆಂದೋ ಅರ್ಥೈಸಿಬಿಡುವುದು ನಮ್ಮ ವಿಮರ್ಶೆಯ ರೂಢಿಯಾಗಿದೆ. ಸೈಯದ್ ಹೈದರ್ ರಝಾ (1922-2016) ಅವರ ಬಿಂದು ಚಿತ್ರಗಳ ವಿಷಯದಲ್ಲಿ ಈ ರೂಢಿ ಇನ್ನೂ ಬಲವಾಗಿದೆ. ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಗಳಾದ ನಮಗೆ ಇಲ್ಲಿ ಅಲ್ಲಮನ 'ಬಯಲು' ನೆನಪಾಗುವುದು ಸಹಜವೇ. ಆದರೆ ಇವೆರಡನ್ನೂ ಸಮೀಕರಿಸಿದರೆ ಚಿತ್ರಕ್ಕೂ ವಚನಕ್ಕೂ ಅನ್ಯಾಯವಾಗುತ್ತದೆಂಬುದು ನಮ್ಮ ಅಭಿಪ್ರಾಯ.

ವೃತ್ತಕ್ಕೆ ನಿಯತವಾದ ಅರ್ಥವೆಂಬುದಿಲ್ಲ. ಚಿತ್ರದೊಳಗಿನ ಅದರ ಸ್ಥಾನವೇ ಅರ್ಥವನ್ನು ನಿರ್ಣಯಿಸುತ್ತದೆ. ಕ್ಯಾಂಡಿನ್ಸ್ಕಿಯ 'ಹಲವು ವೃತ್ತಗಳು' (1926) ಕೃತಿಯಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಹಿರಿದೂ ಕಿರಿದೂ ಆದ ವೃತ್ತಗಳು ಒಂದನ್ನೊಂದು ಹಾಯ್ದು ತೇಲುತ್ತವೆ. ರಝಾ ಅವರ 1980ರ ನಂತರದ ಅನೇಕ ಕೃತಿಗಳಲ್ಲಾದರೋ ಒಂದೇ ವೃತ್ತ ನೆಲೆಯಾಗಿ ನಿಂತು, ಚೌಕ, ತ್ರಿಕೋನ, ಬಣ್ಣದ ಪಟ್ಟಿಗಳು ಅದನ್ನು ಸುತ್ತುವರಿದಿರುತ್ತವೆ.

ಈ ನೆಲೆಯ ಹಂಬಲಕ್ಕೆ ಹಿನ್ನೆಲೆಯುಂಟು. ಮಧ್ಯಪ್ರದೇಶದ ಮಂಡ್ಲಾ ಪ್ರದೇಶದಲ್ಲಿ ಕಳೆದ ಬಾಲ್ಯದಲ್ಲಿ, ಚಂಚಲವಾದ ತಮ್ಮ ಮನಸ್ಸನ್ನು ನಿಲ್ಲಿಸಲೆಂದು ಉಪಾಧ್ಯಾಯರು ಗೋಡೆಯ ಮೇಲೆ ಚುಕ್ಕೆಯಿಟ್ಟು ಅದನ್ನೇ ನೋಡಹೇಳಿದ್ದನ್ನು ರಝಾ ಸ್ಮರಿಸಿದ್ದಾರೆ. ಅವರು ಫ್ರಾನ್ಸಿಗೆ ತೆರಳಿದ್ದು 1950ರಲ್ಲಿ. ಆ ಚುಕ್ಕೆ ಅವರ ಚಿತ್ರಪಟದ ಕೇಂದ್ರವಾದದ್ದು ಸುಮಾರು ಮೂರು ದಶಕಗಳ ಪರದೇಶವಾಸದ ಬಳಿಕ. 'ಮಾ' (1981) ಚಿತ್ರದಲ್ಲಿ ದೊಡ್ಡ ಕಪ್ಪು ಬಿಂದುವಿನೊಡನೆ ಅಶೋಕ ವಾಜಪೇಯಿ ಅವರ ಹಿಂದಿ ಕವಿತೆಯ ಸಾಲೊಂದಿದೆ. ತಾಯಿಯನ್ನು ಸಂಬೋಧಿಸುವ ಆ ಸಾಲಿನ ವಸ್ತು ಮರಳುವಿಕೆ. ಬಿಂದುವನ್ನು ರಝಾ ಬೀಜವೆಂದೂ ಕರೆದಿದ್ದಾರೆ. ಬೀಜಕ್ಕೆ ನೆಲ ಬೇಕು; ಇಲ್ಲಿಯ ಕಪ್ಪು ಆ ನೆಲದ ಸ್ಮರಣೆಯೇ ಹೊರತು ನಿರಾಕಾರವಲ್ಲ.

ಅಲ್ಲಮನ ಮಾರ್ಗ ಬೇರೆ. ಅಲ್ಲಿ ಕುರುಹೇ ಅಳಿಯಬೇಕು. 15ನೆಯ ಶತಮಾನದಲ್ಲಿ ರೂಪುಗೊಂಡ 'ಶೂನ್ಯಸಂಪಾದನೆ'ಯ ಹೆಸರು ಸೂಚಿಸುವುದೂ ಗಳಿಸಲು ವಸ್ತುವೇ ಇಲ್ಲದ ಗಳಿಕೆಯನ್ನು. ನಾದ, ಬಿಂದು, ಕಳೆಗಳು ವಚನಗಳಲ್ಲಿಯೂ ಬರುತ್ತವಲ್ಲ ಎಂಬ ಆಕ್ಷೇಪ ಏಳಬಹುದು. ಬರುತ್ತವೆ, ನಿಜ, ಆದರೆ ಅಲ್ಲಮನ ದೃಷ್ಟಿಯಲ್ಲಿ ಅವು ಮೀರಬೇಕಾದ ಹಂತಗಳು. ರಝಾ ಅವರ ಬಿಂದುವಿಗೆ ಅಂಚಿದೆ. ಆ ಅಂಚಿನಿಂದಲೇ ಅದು ಕಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಬಯಲಿಗೆ ಅಂಚೆಂಬುದೇ ಇಲ್ಲ.

ಹೊರನಾಡಿನಲ್ಲಿದ್ದು ಕನ್ನಡದ ಪರಿಭಾಷೆಯನ್ನು ಅನ್ಯ ಕಲೆಗಳಿಗೆ ಅನ್ವಯಿಸುವ ನಮಗೆ ಈ ಎಚ್ಚರ ಅಗತ್ಯ. ಪರಿಭಾಷೆ ಎಲ್ಲಕ್ಕೂ ಒಗ್ಗುವಂತಾದರೆ ಅದರ ಖಚಿತತೆ ಉಳಿಯದು. ಬಿಂದುವನ್ನು ಬಯಲೆಂದು ಕರೆದಾಗ ಅದರೊಳಗಿನ ಅಗಲಿಕೆಯ ನೋವು ನಮಗೆ ಕಾಣದೆ ಹೋಗುತ್ತದೆ. ದೆಹಲಿಯಲ್ಲಿ ನಿಧನರಾದ ರಝಾ ಅವರನ್ನು, ಅವರ ಇಚ್ಛೆಯಂತೆ, ಮಂಡ್ಲಾದಲ್ಲಿ ತಂದೆಯ ಸಮಾಧಿಯ ಪಕ್ಕದಲ್ಲಿಯೇ ಮಣ್ಣು ಮಾಡಲಾಯಿತೆಂಬುದನ್ನು ಈ ಸಂದರ್ಭದಲ್ಲಿ ನೆನೆಯಬಹುದು.