ಅರ್ಥ ಹೇಳಿ, ಪದ ಬಿಡಬೇಡಿ

ಆ್ಯಂಟ್‌ಗೆ ಬೈಯುವುದು ಈಗ ಸುಲಭ. ‘ಬರುತ್ತೇನೆ’ ಎನ್ನುವುದನ್ನು ‘ಬತ್ತೆ’ ಅಂತ ಮುಗಿಸುವ ಕುಂದಾಪ್ರದವರಿಗಂತೂ ಎಕ್ಸ್‌ಎಂಎಲ್‌ನಲ್ಲಿ ಬಿಲ್ಡ್ ಬರೆಯುವುದು ಶಿಕ್ಷೆಯೇ ಸೈ. ಅದನ್ನು ಹುಟ್ಟುಹಾಕಿದ ಜೇಮ್ಸ್ ಡಂಕನ್ ಡೇವಿಡ್‌ಸನ್ ಕೂಡ ಆ ಆಯ್ಕೆಯ ಬಗ್ಗೆ ಆಮೇಲೆ ಪೇಚಾಡಿಕೊಂಡಿದ್ದಾರೆ. ಆದರೂ ಟಾಮ್‌ಕ್ಯಾಟ್‌ಗಾಗಿ ಹುಟ್ಟಿ, 2000ದಲ್ಲಿ ಸ್ವತಂತ್ರವಾಗಿ ಹೊರಬಂದ ಈ ಉಪಕರಣ ಒಂದು ಒಳ್ಳೆಯ ಕೆಲಸ ಮಾಡಿತು. ನಮ್ಮದೇ ಟಾಸ್ಕ್ ಸೇರಿಸಲು ಬಾಗಿಲು ತೆರೆದಿಟ್ಟಿತು.

ಬಾಗಿಲು ದಾಟುವುದೂ ಕಷ್ಟವಲ್ಲ. ಒಂದು ಜಾವಾ ಕ್ಲಾಸ್, ಅದರಲ್ಲಿ ಎಕ್ಸಿಕ್ಯೂಟ್ ಎಂಬ ಮೆಥಡ್. ಸೆಟ್‌ಫೈಲ್ ಅಂತ ಸೆಟ್ಟರ್ ಬರೆದರೆ ಬಿಲ್ಡ್ ಫೈಲ್‌ನಲ್ಲಿ ಫೈಲ್ ಎಂಬ ಆಟ್ರಿಬ್ಯೂಟ್ ತಾನಾಗಿ ಸಿಗುತ್ತದೆ. ಟಾಸ್ಕ್‌ಡೆಫ್‌ನಲ್ಲಿ ಹೆಸರು ಕೊಟ್ಟರೆ ಮುಗೀತು.

ನನ್ನ ತಕರಾರು ಇರುವುದು ಆ ಎಕ್ಸಿಕ್ಯೂಟ್‌ನ ಬಗ್ಗೆ. ಒಳಗೆ ಏನು ಬೇಕಾದರೂ ಮಾಡಬಹುದು. ಯಾವ ಫೈಲ್ ಓದ್ತಿ, ಯಾವುದನ್ನು ಬರೀತಿ ಅಂತ ಆ್ಯಂಟ್ ಕೇಳುವುದೇ ಇಲ್ಲ.

ಮಂದಾರ್ತಿ, ಮಾರಣಕಟ್ಟೆ, ಯಾವ ಮೇಳದ ಆಟ ಕಂಡವರಿಗೂ ಈ ವಿಷಯ ಗೊತ್ತು. ಭಾಗವತರು ಪದ ಹಾಡುತ್ತಾರೆ, ವೇಷಧಾರಿ ಅದಕ್ಕೆ ಅರ್ಥ ಹೇಳುತ್ತಾನೆ. ಮಾತು ಅವನದೇ, ಬರೆದುಕೊಟ್ಟದ್ದಲ್ಲ. ಆದರೆ ಹೊರಡುವುದು ಹಾಡಿದ ಪದದಿಂದ, ತಲುಪಬೇಕಾದ್ದು ಮುಂದಿನ ಪದಕ್ಕೆ. ಈ ಎರಡು ತುದಿ ತಪ್ಪಿದರೆ ಎಷ್ಟೇ ಚಂದದ ಮಾತಾದರೂ ಪ್ರಸಂಗ ಕೆಡುತ್ತದೆ. ಟಾಸ್ಕ್‌ಗೂ ಇನ್‌ಪುಟ್, ಔಟ್‌ಪುಟ್ ಅಂದರೆ ಈ ಎರಡು ತುದಿ.

ನಾನು ಹಿಂದೆ ಇದ್ದ ಕಂಪೆನಿಯೊಂದರಲ್ಲಿ ‘ಪ್ಯಾಕ್’ ಎಂಬ ಟಾಸ್ಕ್ ಇತ್ತು. ಹೆಸರಿಗೆ ಜಾರ್ ಕಟ್ಟುವುದು. ಸದ್ದಿಲ್ಲದೆ ಬೇರೊಂದು ಫೋಲ್ಡರ್‌ನ ವರ್ಶನ್ ಫೈಲನ್ನೂ ತಿದ್ದುತ್ತಿತ್ತು. ಬರೆದವನು ಕೆಲಸ ಬಿಟ್ಟು ಹೋದ ಮೇಲೆ ಬಿಲ್ಡ್ ಒಂದು ಮೆಶಿನ್‌ನಲ್ಲಿ ಓಡುತ್ತಿತ್ತು, ಇನ್ನೊಂದರಲ್ಲಿ ಇಲ್ಲ. ಕಾರಣ ಹುಡುಕುವಷ್ಟರಲ್ಲಿ ಮೂರು ಶುಕ್ರವಾರ ಬೈಂದೂರಿನ ಬಸ್ಸು ನನ್ನನ್ನು ಬಿಟ್ಟು ಹೋಗಿತ್ತು ಮರಾಯ್ರೆ!

2012ರಲ್ಲಿ 1.0 ಆವೃತ್ತಿ ಕಂಡ ಗ್ರೇಡಲ್ ಈ ಪ್ರಶ್ನೆಗೆ ಜಾಗ ಕೊಟ್ಟಿದೆ. ಓದುವ ಫೈಲ್, ಬರೆಯುವ ಫೈಲ್ ಎರಡನ್ನೂ ಆ್ಯನೊಟೇಶನ್ ಹಾಕಿ ಹೇಳಬಹುದು. ಯಾವುದೂ ಬದಲಾಗದಿದ್ದರೆ ‘ಅಪ್ ಟು ಡೇಟ್’ ಅಂತ ಟಾಸ್ಕನ್ನು ಬಿಟ್ಟು ಮುಂದೆ ಹೋಗುತ್ತದೆ. ಹೊಗಳಬೇಕಾದ್ದೇ. ಆದರೆ ಅದೂ ನಾವು ಹೇಳಿದ್ದನ್ನು ನಂಬುತ್ತದೆ ಅಷ್ಟೇ. ಔಟ್‌ಪುಟ್ ಹೇಳದಿದ್ದರೆ ಟಾಸ್ಕ್ ಪ್ರತಿ ಸಲ ಓಡುತ್ತದೆ. ಒಂದು ಇನ್‌ಪುಟ್ ಮರೆತರೆ ಹಳಸಿದ ಫೈಲನ್ನೇ ಹೊಸದೆಂದು ಬಡಿಸುತ್ತದೆ. ಮೇಲಾಗಿ ಬಿಲ್ಡ್ ಸ್ಕ್ರಿಪ್ಟ್‌ನಲ್ಲೇ ಗ್ರೂವಿ ಬರೆಯುವ ಸಲಿಗೆ ಬೇರೆ. ಎರಡು ಸಾಲು ಇನ್ನೂರಾಗಲು ಎಷ್ಟು ಹೊತ್ತು?

ಹಾಗಾಗಿ ಕೋಡ್ ರಿವ್ಯೂನಲ್ಲಿ ಕಸ್ಟಮ್ ಟಾಸ್ಕ್ ಬಂದರೆ ಅದರ ಜಾಣತನ ಆಮೇಲೆ ನೋಡಿ. ಏನು ತಗೊಳ್ತದೆ, ಏನು ಕೊಡ್ತದೆ ಅಂತ ಮೊದಲು ಕೇಳಿ. ಎರಡು ಸಾಲಿನಲ್ಲಿ ಉತ್ತರ ಬಾರದಿದ್ದರೆ ಮರ್ಜ್ ಮಾಡಬೇಡಿ. ಅದನ್ನು ಬರೆದವನು ನಾಳೆ ಆ ಕುರ್ಚಿಯಲ್ಲಿ ಇರುವುದಿಲ್ಲ, ಬಿಲ್ಡ್ ಮಾತ್ರ ಇರುತ್ತದೆ.